ಎಡಗಡೆ ಮಾತ್ರ

ಬೆಳಗ್ಗೆ ಹನ್ನೊಂದಕ್ಕೆ ಫೋನ್ ಬಂದಾಗ ಪುಟ್ಟಿ ಲಿಫ್ಟಿನ ಹೆಂಗಸಿನ ಉಸಿರು ಕತ್ತರಿಸುತ್ತಿದ್ದಳು. ಗಾಬರಿಯಾಗಬೇಡಿ, ಅವಳ ಹೊಟ್ಟೆಪಾಡೇ ಅದು. ಲಿಫ್ಟಿನೊಳಗೆ "ಬಾಗಿಲು ಮುಚ್ಚುತ್ತಿದೆ" ಅಂತ ಒಬ್ಬಳು ಹೇಳುತ್ತಾಳಲ್ಲ, ಆಸ್ಪತ್ರೆಯಲ್ಲಿ "ಟೋಕನ್ ಸಂಖ್ಯೆ ನಲವತ್ತೆರಡು" ಅಂತ ಕೂಗುತ್ತಾಳಲ್ಲ, ಅಂಥ ದನಿಗಳನ್ನು ರೆಕಾರ್ಡ್ ಮಾಡುವ ಸಣ್ಣ ಸ್ಟುಡಿಯೋದಲ್ಲಿ ಅವಳಿಗೆ ಕೆಲಸ. ಉಸಿರು, ಕೆಮ್ಮು, ತುಟಿ ಚಪ್ಪರಿಸಿದ ಸದ್ದು ಎಲ್ಲ ಕತ್ತರಿಸಬೇಕು. ಆಮೇಲೆ ಫೈಲನ್ನು ಹಿಂಡಿ ಹಿಂಡಿ ಎಷ್ಟು ಸಾಧ್ಯವೋ ಅಷ್ಟು ಚಿಕ್ಕದು ಮಾಡಬೇಕು, ಯಾಕೆಂದರೆ ಲಿಫ್ಟಿನ ಪುಟಾಣಿ ಯಂತ್ರದಲ್ಲಿ ಜಾಗ ಅಷ್ಟಕ್ಕಷ್ಟೇ. ಹದಿನಾಲ್ಕು ವರ್ಷದ ಅನುಭವ. "ಹಿಂಡೋದ್ರಲ್ಲಿ ಇವಳನ್ನ ಮೀರಿಸೋರಿಲ್ಲ" ಅಂತ ಸ್ಟುಡಿಯೋದವರೇ ಹೊಗಳುತ್ತಿದ್ದರು. ಆ ಹೊಗಳಿಕೆ ಅವಳ ತಲೆಗೂ ಸ್ವಲ್ಪ ಏರಿತ್ತು.

ಫೋನ್ ಮಾಡಿದ್ದು ಆಸ್ಪತ್ರೆಯ ಥೆರಪಿಸ್ಟು, ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವಾಕೆ.

"ನಿಮ್ಮ ಚಿಕ್ಕಮ್ಮನಿಗೆ ಮಾತಿನ ಯಂತ್ರ ಬಂದಿದೆ ಮೇಡಂ. ಟೈಪ್ ಮಾಡಿದ್ರೆ ಅದು ಮಾತಾಡುತ್ತೆ. ಅವರ ಹಳೇ ದನಿಯ ರೆಕಾರ್ಡಿಂಗ್ ಏನಾದ್ರೂ ಇದ್ದರೆ ಕೊಡಿ, ಅದೇ ದನಿಯಲ್ಲಿ ಮಾತಾಡೋ ಹಾಗೆ ಮಾಡಬಹುದು. ಇಲ್ಲದಿದ್ರೆ ಯಂತ್ರದ್ದೇ ಒಂದು ದನಿ ಇದೆ."

"ಯಂತ್ರದ ದನಿ ಹೇಗಿರುತ್ತೆ?"

"ಹೂಂ… ಲಿಫ್ಟಿನಲ್ಲಿ ಕೇಳಿರ್ತೀರಲ್ಲ, ಹಾಗೆ."

ಪುಟ್ಟಿಗೆ ಮೈ ಜುಮ್ಮೆಂದಿತು. ಚಿಕ್ಕಮ್ಮ ಬಾಯಿ ತೆರೆದರೆ ಲಿಫ್ಟಿನ ಹೆಂಗಸು! "ಬೇಡ ಬೇಡ. ರೆಕಾರ್ಡಿಂಗ್ ಎಷ್ಟು ಬೇಕು?"

"ಅರ್ಧ ಗಂಟೆ ಸಿಕ್ಕರೆ ಸಾಕು. ಬೇರೆಯವರ ಮಾತು ಅದರಲ್ಲಿ ಬೆರೆತಿರಬಾರದು. ಶುಕ್ರವಾರದೊಳಗೆ ಕೊಡಿ."

"ಅರ್ಧ ಗಂಟೆಯಾ?" ಪುಟ್ಟಿ ನಕ್ಕೇಬಿಟ್ಟಳು. "ನನ್ನ ಹತ್ರ ಇಪ್ಪತ್ತೇಳು ಗಂಟೆ ಇದೆ!"

ಆ ನಗು ನೆನಪಿಟ್ಟುಕೊಳ್ಳಿ. ಆ ದಿನ ಅವಳು ನಕ್ಕಿದ್ದು ಅದೊಂದೇ ಸಲ.

ಇಪ್ಪತ್ತೇಳು ಗಂಟೆ ಎಲ್ಲಿಂದ ಬಂತು ಎನ್ನುವುದನ್ನು ಮೊದಲು ಹೇಳಬೇಕು. ಒಂದು ವರ್ಷದ ಹಿಂದೆ ಪುಟ್ಟಿಯ ಅಮ್ಮ ತೀರಿಕೊಂಡರು. ಎಲ್ಲ ಮುಗಿದ ಮೇಲೆ ನೋಡಿದರೆ ಅಮ್ಮನ ಫೋಟೋ ಮುನ್ನೂರಿದ್ದವು, ದನಿ ಮಾತ್ರ ಒಂದೂ ಇರಲಿಲ್ಲ. ಊರವರ ದನಿಯನ್ನೆಲ್ಲ ದಿನಾ ಕಿವಿಗೆ ಹಾಕಿಕೊಂಡು ಕೂರುವವಳು, ಹೆತ್ತ ತಾಯಿಯ "ಊಟ ಆಯ್ತಾ?" ಅನ್ನುವ ಒಂದು ಮಾತನ್ನೂ ಹಿಡಿದಿಟ್ಟಿರಲಿಲ್ಲ. ಅವತ್ತು ಅವಳು ಬಿಕ್ಕಿ ಬಿಕ್ಕಿ ಅತ್ತದ್ದನ್ನು ನೋಡಿದವರು ಚಿಕ್ಕಮ್ಮ, ಅಮ್ಮನ ಒಡಹುಟ್ಟಿದ ತಂಗಿ. "ಅಳಬೇಡ್ವೇ. ನನ್ನ ಬಾಯಿ ಇದೆಯಲ್ಲ, ಇದಕ್ಕೆ ಬೀಗ ಹಾಕೋರು ಇನ್ನೂ ಹುಟ್ಟಿಲ್ಲ. ನಿಮ್ಮಮ್ಮನ ಕತೆ, ನನ್ನ ಕತೆ ಎಲ್ಲಾ ಹೇಳ್ತೀನಿ, ಅದೇನು ಮೈಕು ತರ್ತೀಯೋ ತಾ" ಎಂದಿದ್ದರು.

ಚಿಕ್ಕಮ್ಮ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ನಲವತ್ತೈದು ವರ್ಷ ಒಂದೇ ಮೆಷಿನ್ ತುಳಿದವರು. ಮಾತಿಗೆ ಕೂತರೆ ಗಿರಾಕಿಗಳು ಬಟ್ಟೆ ತಗೊಂಡು ಹೋಗುವುದನ್ನೇ ಮರೆಯುತ್ತಿದ್ದರು. ಹಾಗೆ ಶುರುವಾಯಿತು ಇವರ ಪಾಡ್‌ಕಾಸ್ಟ್. "ಒಳಹೊಲಿಗೆ" ಅಂತ ಹೆಸರಿಟ್ಟದ್ದೂ ಚಿಕ್ಕಮ್ಮನೇ. ಒಂದು ಷರತ್ತು ಹಾಕಿದ್ದರು: ನಲವತ್ತು ಕಂತು ಪೂರ್ತಿ ಮುಗಿಯುವ ತನಕ ಯಾರಿಗೂ ಒಂದು ತುಣುಕೂ ಕೇಳಿಸಕೂಡದು. "ಅರ್ಧ ಹೊಲಿದ ಅಂಗಿ ಹ್ಯಾಂಗರಿಗೆ ಹಾಕೋದು ನಮ್ಮ ಪದ್ಧತಿಯಲ್ಲಿಲ್ಲ" ಎನ್ನುತ್ತಿದ್ದರು.

ಪ್ರತಿ ಭಾನುವಾರ ಬಟ್ಟೆ ಕತ್ತರಿಸುವ ಮೇಜಿನ ಆಚೆ ಈಚೆ ಇಬ್ಬರೂ ಕೂರುತ್ತಿದ್ದರು. ಎರಡು ಮೈಕು, ಎರಡು ವೈರು, ರೆಕಾರ್ಡಿಂಗ್ ನಡೆಯುತ್ತಿದೆ ಎಂದು ತೋರಿಸುವ ಒಂದು ಕೆಂಪು ದೀಪ. ಪುಟ್ಟಿಯ ಮೈಕಿನ ದನಿ ಎಡಕ್ಕೆ ಹೋಗುತ್ತಿತ್ತು, ಚಿಕ್ಕಮ್ಮನದು ಬಲಕ್ಕೆ. ಹೆಡ್‌ಫೋನ್ ಹಾಕಿ ಕೇಳಿದರೆ ಎಡಗಿವಿಯಲ್ಲಿ ಪ್ರಶ್ನೆ, ಬಲಗಿವಿಯಲ್ಲಿ ಉತ್ತರ. ಅದಲು ಬದಲಾಗಬಾರದೆಂದು ಚಿಕ್ಕಮ್ಮ ತಮ್ಮ ಮೈಕಿಗೆ ಕೆಂಪು ದಾರ ಕಟ್ಟಿದ್ದರು. ರೆಕಾರ್ಡಿಂಗ್ ಮುಗಿದ ಮೇಲೆ ಪುಟ್ಟಿ ಫೈಲು ತೆರೆದು ಕಸ ಗುಡಿಸುವಳು. ಕಸ ಎಂದರೆ ಮುಖ್ಯವಾಗಿ ಚಿಕ್ಕಮ್ಮನ ಕೆಮ್ಮು. ಹತ್ತನೇ ಕಂತಿನಲ್ಲಿ ನಾಲ್ಕಿದ್ದದ್ದು ಇಪ್ಪತ್ತನೆಯದಕ್ಕೆ ಮೂವತ್ತಾಯಿತು, ಮೂವತ್ತನೆಯದಕ್ಕೆ ಎಣಿಸುವುದನ್ನೇ ಬಿಟ್ಟಳು. ಒಂದೊಂದನ್ನೂ ಆರಿಸಿ ಕತ್ತರಿಸಿ, ಗುರುತೇ ಸಿಗದಂತೆ ಕೂಡಿಸುತ್ತಿದ್ದಳು. ಕೆಮ್ಮಿನ ಮೇಲೆ ಬರೀ ಕತ್ತರಿ ಆಡಿಸಿದಳೇ ಹೊರತು, ಈ ಕೆಮ್ಮು ಯಾಕೆ ಹೆಚ್ಚುತ್ತಿದೆ ಅಂತ ಒಂದು ದಿನವೂ ಕೇಳಲಿಲ್ಲ.

ಮೂವತ್ತೇಳನೇ ಕಂತಿನ ಹೊತ್ತಿಗೆ ಇಬ್ಬರಿಗೂ ಸಣ್ಣ ಜಗಳವಾಗಿ ರೆಕಾರ್ಡಿಂಗ್ ನಿಂತಿತು. ಅದಾಗಿ ಮೂರನೇ ವಾರಕ್ಕೆ ಚಿಕ್ಕಮ್ಮ ಆಸ್ಪತ್ರೆಯಲ್ಲಿದ್ದರು. "ಗಂಟಲಲ್ಲಿ ಗಂಟಂತೆ ಕಣೇ. ಮೊನ್ನೆ ಗೊತ್ತಾಯ್ತು" ಎಂದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಈಗ ಕುತ್ತಿಗೆಗೆ ತಾವೇ ಹೊಲಿದ ಹತ್ತಿ ಬಟ್ಟೆಯ ಪಟ್ಟಿ ಕಟ್ಟಿಕೊಂಡು, ಸ್ಲೇಟಿನಲ್ಲಿ ಬರೆದು ಮಾತಾಡುತ್ತಾರೆ. ಮೂವತ್ತೆಂಟು ವರ್ಷದ ಹೆಂಗಸನ್ನು "ಪುಟ್ಟೀ" ಅಂತ ಕೂಗುತ್ತಿದ್ದದ್ದು ಅವರೊಬ್ಬರೇ. ಎರಡು ತಿಂಗಳಿಂದ ಆ ಹೆಸರು ಯಾರ ಬಾಯಲ್ಲೂ ಬಂದಿಲ್ಲ.

ಊಟದ ಬಿಡುವಿಗೂ ಕಾಯದೆ ಪುಟ್ಟಿ ತನ್ನ ಲ್ಯಾಪ್‌ಟಾಪ್ ತೆಗೆದಳು. ಮೊದಲನೇ ಫೈಲನ್ನೇ ಕಳಿಸೋಣ, ಅದರಲ್ಲಿ ದನಿ ಗಂಟೆ ಹೊಡೆದ ಹಾಗಿದೆ ಎಂದುಕೊಂಡು ಹೆಡ್‌ಫೋನ್ ಹಾಕಿ ಒತ್ತಿದಳು.

"ನಮಸ್ಕಾರ. ಚಿಕ್ಕಮ್ಮ, ನೀನು ಮೊಟ್ಟಮೊದಲು ಹೊಲಿದ ಬಟ್ಟೆ ಯಾವುದು?" ಅವಳದೇ ದನಿ. ಅದರ ಬೆನ್ನಿಗೇ, ಒಂದು ಉಸಿರಿನ ಬಿಡುವೂ ಇಲ್ಲದೆ, ಮತ್ತೆ ಅವಳದೇ ದನಿ: "ಹೌದಾ! ಆಗ ನಿನಗೆ ಎಷ್ಟು ವಯಸ್ಸು?" ಮತ್ತೆ ಅವಳೇ: "ಅಮ್ಮ ಏನಂದ್ಲು?" ಆಮೇಲೆ ಅವಳ ನಗು. "ಅಯ್ಯೋ, ನಿಜವಾಗ್ಲೂ?" ಮತ್ತೂ ನಗು.

ಪುಟ್ಟಿ ಹೆಡ್‌ಫೋನ್ ತೆಗೆದು ಬಲಗಡೆಯದನ್ನು ತಟ್ಟಿದಳು. ವೈರು ತಿರುಚಿ ನೋಡಿದಳು. ಪಕ್ಕದ ಮೇಜಿನಿಂದ ಬೇರೆ ಹೆಡ್‌ಫೋನ್ ಎಳೆದುಕೊಂಡಳು. ಅದರಲ್ಲೂ ಅಷ್ಟೇ. ಎರಡನೇ ಫೈಲು ತೆರೆದಳು, ಐದನೆಯದು, ಹನ್ನೆರಡನೆಯದು. ಎಲ್ಲದರಲ್ಲೂ ಅವಳೊಬ್ಬಳೇ. ಕೇಳುವವಳೂ ಅವಳೇ, ಬೆರಗಾಗುವವಳೂ ಅವಳೇ, ನಗುವವಳೂ ಅವಳೇ, ಯಾರೂ ಇಲ್ಲದ ಕೋಣೆಯಲ್ಲಿ ಹುಚ್ಚಿ ಕೂತ ಹಾಗೆ. ಚಿಕ್ಕಮ್ಮ ಎಲ್ಲೂ ಇರಲಿಲ್ಲ.

ಎದೆ ಧಸಕ್ಕೆಂದಿತು.

ನಡೆದದ್ದು ಇಷ್ಟು. ಚಿಕ್ಕಮ್ಮನ ಆಪರೇಷನ್ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದಾಗ ಸ್ಟುಡಿಯೋದಿಂದ ಒಂದು ತುರ್ತು ಕೆಲಸ ಬಂದಿತ್ತು. ಲ್ಯಾಪ್‌ಟಾಪ್ "ಜಾಗ ಇಲ್ಲ" ಎಂದು ಹಟ ಹಿಡಿಯಿತು. ನೋಡಿದರೆ ಚಿಕ್ಕಮ್ಮನ ಮೂವತ್ತೇಳು ಫೈಲುಗಳೇ ಹದಿನೇಳು ಜಿಬಿ ನುಂಗಿ ಕೂತಿವೆ. ಹಿಂಡುವುದು ಪುಟ್ಟಿಗೆ ಎಡಗೈ ಆಟ. ಸ್ಟುಡಿಯೋದಲ್ಲಿ ದಿನಾ ಬಳಸಲು ಒಂದು ಸೆಟ್ಟಿಂಗ್ ಮಾಡಿ "ದಿನನಿತ್ಯ" ಅಂತ ಹೆಸರಿಟ್ಟುಕೊಂಡಿದ್ದಳು. ಅದನ್ನು ಒತ್ತಿದಳು, "ಹಳೆಯದರ ಮೇಲೆಯೇ ಬರೆ" ಎಂಬಲ್ಲಿ ಗುರುತು ಹಾಕಿದಳು, ಆಪರೇಷನ್ ಕೋಣೆಯ ಬಾಗಿಲ ಕಡೆ ಕಣ್ಣು ನೆಟ್ಟಳು. ಮುಗಿದ ಮೇಲೆ ಮೊದಲನೇ ಫೈಲು ಹತ್ತು ಸೆಕೆಂಡು ಕೇಳಿ ಪರೀಕ್ಷಿಸಿದ್ದೂ ಉಂಟು. "ನಮಸ್ಕಾರ. ಚಿಕ್ಕಮ್ಮ…" ಎಂದಿತು. ಚೆನ್ನಾಗಿದೆ ಎಂದು ಮುಚ್ಚಿಟ್ಟಳು. ಹದಿನೇಳು ಜಿಬಿ ನೂರಹತ್ತು ಎಂಬಿಗೆ ಇಳಿದಿತ್ತು. ಎಷ್ಟೇ ಹಿಂಡಿದರೂ ಅದು ಏಳೆಂಟುನೂರು ಎಂಬಿಯಾದರೂ ಆಗಬೇಕಿತ್ತು. ಹದಿನಾಲ್ಕು ವರ್ಷದ ಅನುಭವಸ್ಥೆಗೆ ಅಲ್ಲೇ ಅನುಮಾನ ಬರಬೇಕಿತ್ತು. ಅನುಮಾನ ಎಲ್ಲಿ ಬಂತು? ತನ್ನ ಬೆನ್ನು ತಾನೇ ತಟ್ಟಿಕೊಂಡಳು ಮಹಾರಾಯಿತಿ.

ಈಗ "ದಿನನಿತ್ಯ"ದ ಒಳಗೆ ಹೋಗಿ ನೋಡಿದಳು. ಮೂರು ಸಾಲು. ಎಡಗಡೆ ಮಾತ್ರ ಉಳಿಸು. ಸಣ್ಣ ಸದ್ದು ಅಳಿಸು. ಖಾಲಿ ಜಾಗ ಕತ್ತರಿಸು.

ಲಿಫ್ಟಿನ ಹೆಂಗಸಿಗೆ ಇರುವುದು ಒಂದೇ ಮೈಕು, ಅದರ ದನಿ ಬರುವುದು ಎಡಕ್ಕೆ ಮಾತ್ರ. ಬಲಗಡೆ ಬರೀ ಖಾಲಿ. ಅದನ್ನು ಎಸೆದರೆ ಫೈಲು ನೇರ ಅರ್ಧ ಆಗುತ್ತದೆ. ಸ್ಟುಡಿಯೋದಲ್ಲಿ ಅದು ಜಾಣತನ. ಚಿಕ್ಕಮ್ಮನ ಮೇಜಿನಲ್ಲಿ ಅದೇ ಅನಾಹುತ. ಬಲಗಡೆ ಇದ್ದವರು ಚಿಕ್ಕಮ್ಮ. ಪುಟ್ಟಿಯ ಮೈಕಿಗೆ ದೂರದಿಂದ ತಗುಲಿದ್ದ ಅವರ ದನಿಯನ್ನು ಎರಡನೇ ಸಾಲು ಅಳಿಸಿತು. ಅವರು ಮಾತಾಡಿದ್ದ ಅಷ್ಟೂ ಹೊತ್ತು ಖಾಲಿ ಎನಿಸಿಕೊಂಡದ್ದರಿಂದ ಮೂರನೇ ಸಾಲು ಅದನ್ನೂ ಕತ್ತರಿಸಿ ಪ್ರಶ್ನೆಗಳನ್ನು ಒಂದಕ್ಕೊಂದು ಅಂಟಿಸಿತು. ಚಿಕ್ಕಮ್ಮ ಕೂತಿದ್ದ ಜಾಗವೂ ಉಳಿಯಲಿಲ್ಲ.

"ಅಯ್ಯಯ್ಯೋ, ನಾನೇನು ಮಾಡಿಬಿಟ್ಟೆ!" ಅವಳ ಕೂಗಿಗೆ ಸ್ಟುಡಿಯೋದ ರಿಪೇರಿಯವನು ಓಡಿ ಬಂದ. ಕಂಪ್ಯೂಟರಿನ ಹೊಟ್ಟೆ ಬಗೆಯುವುದರಲ್ಲಿ ಪಳಗಿದವನು. ಅರ್ಧ ಗಂಟೆ ಏನೇನೋ ಒತ್ತಿದ, ಹಣೆ ಉಜ್ಜಿಕೊಂಡ.

"ಅಕ್ಕಾ, ಸುಮ್ಮನೆ ಅಳಿಸಿದ್ರೆ ತರ್ತಿದ್ದೆ. ನೀವು ಅದರ ಮೇಲೇ ಬರೆದಿದ್ದೀರಿ. ಅದಾದ ಮೇಲೆ ಎರಡು ತಿಂಗಳು ಬೇರೆ ಏನೇನೋ ತುಂಬಿದ್ದೀರಿ. ಇನ್ನೊಂದು ಕಡೆ ನಕಲು ಇಟ್ಟಿಲ್ವಾ?"

"ಇಲ್ಲ."

"ನೀವಾ? ನಕಲು ಇಟ್ಟಿಲ್ವಾ?" ಅವನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಅವನ ಜಾಗದಲ್ಲಿ ಯಾರಿದ್ದರೂ ಹಾಗೇ ಕೇಳುತ್ತಿದ್ದರು. ಆಮೇಲೆ ಒಂದು ಲೋಟ ನೀರು ತಂದಿಟ್ಟು ಹೋದ.

ಪುಟ್ಟಿ ಗರಬಡಿದವಳಂತೆ ಕೂತಳು. ಅಮ್ಮನ ದನಿ ಹಿಡಿದಿಡಲಿಲ್ಲ, ಅದು ಅರಿಯದೆ ಆದ ತಪ್ಪು. ಇದನ್ನು ಹಿಡಿದಿಟ್ಟು, ತನ್ನ ಕೈಯಾರೆ ಕೊಂದಿದ್ದಳು. ಚಿಕ್ಕಮ್ಮನ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು? ಶುಕ್ರವಾರ ಕಳೆದರೆ ಯಂತ್ರ ಮನೆಗೆ ಬಂದು "ಬಾಗಿಲು ಮುಚ್ಚುತ್ತಿದೆ" ಎಂಬ ದನಿಯಲ್ಲಿ ತನ್ನನ್ನು ಕರೆಯುತ್ತದೆ!

ಸುಮ್ಮನೆ, ಏನೂ ಯೋಚಿಸದೆ, ಫೈಲುಗಳ ಪಟ್ಟಿಯನ್ನು ಗಾತ್ರದ ಪ್ರಕಾರ ಜೋಡಿಸಿದಳು. ವೃತ್ತಿಯ ಚಟ, ಅಷ್ಟೇ. ಎರಡು ಎಂಬಿ, ಎರಡೂವರೆ, ಎರಡೂವರೆ, ಮೂರು. ಎಲ್ಲಕ್ಕಿಂತ ಮೇಲೆ ಒಂದೇ ಒಂದು ಫೈಲು, ಹದಿನೆಂಟು ಎಂಬಿ.

ಮೂವತ್ತೇಳನೆಯದು.

ಪುಟ್ಟಿ ಕಣ್ಣುಜ್ಜಿಕೊಂಡಳು. ಅದು ಜಗಳದ ದಿನದ ಫೈಲು. ಸಿಟ್ಟಿನಲ್ಲಿ ಅದರ ಕಸವನ್ನೂ ಗುಡಿಸಿರಲಿಲ್ಲ, ಆಮೇಲೆ ನೋಡೋಣ ಎಂದು ಬಿಟ್ಟಿದ್ದಳು. ಆಮೇಲೆ ಆಸ್ಪತ್ರೆ ಬಂತು. ಆ ದಿನ… ಹೌದು, ಆ ದಿನ ಕಿಟಕಿಯ ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದು ಚಿಕ್ಕಮ್ಮ ಎದ್ದು ಬಂದು ಪುಟ್ಟಿಯ ಕುರ್ಚಿಯಲ್ಲಿ ಕೂತಿದ್ದರು. ಕುರ್ಚಿ ಬದಲಾಯಿತು, ಮೈಕುಗಳನ್ನು ಅಲುಗಿಸಲಿಲ್ಲ. ಕೆಂಪು ದಾರದ ಮೈಕಿನ ಮುಂದೆ ಪುಟ್ಟಿ, ಎಡಗಡೆಯದರ ಮುಂದೆ ಚಿಕ್ಕಮ್ಮ!

ಒತ್ತಿದಳು.

"ಹೂಂ, ಶುರು ಮಾಡ್ವೇ."

ಚಿಕ್ಕಮ್ಮನ ದನಿ. ಒಡೆದ ದನಿ, ತಳದಲ್ಲಿ ಗರಗರ ಸದ್ದು, ಆದರೂ ಚಿಕ್ಕಮ್ಮನದೇ. ಪುಟ್ಟಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಗಳಗಳ ಅತ್ತಳು. ಈ ಸಲ ಅವಳ ಪ್ರಶ್ನೆಗಳು ಒಂದೂ ಇರಲಿಲ್ಲ, ಬರೀ ಉತ್ತರ. ಮದುವೆ ದಿನವೇ ಹರಿದ ಕೋಟಿನ ಕತೆ, ಒಂದೇ ಅಳತೆ ಕೊಟ್ಟು ಇಪ್ಪತ್ತು ವರ್ಷ "ಇದೇ ಸಾಕು" ಎಂದು ಹಟ ಮಾಡಿದ ದಪ್ಪ ಮೇಷ್ಟ್ರ ಕತೆ. ನಡುನಡುವೆ ಕೆಮ್ಮು. ಎಷ್ಟು ಕೆಮ್ಮು! ಕತ್ತರಿಸದೆ ಬಿಟ್ಟಾಗಲೇ ಗೊತ್ತಾದದ್ದು ಅದು ಎಂಥ ಕೆಮ್ಮು ಎಂದು. ಎರಡು ವಾಕ್ಯಕ್ಕೊಮ್ಮೆ ಚಿಕ್ಕಮ್ಮ ಉಸಿರಿಗಾಗಿ ಒದ್ದಾಡುತ್ತಿದ್ದರು. ಎದುರಿಗೇ ಕೂತಿದ್ದ ಪುಟ್ಟಿಗೆ ಅದು ಕೇಳಿಸಿರಲಿಲ್ಲ, ಯಾಕೆಂದರೆ ಅದೆಲ್ಲ ಆಮೇಲೆ ಕತ್ತರಿಸಬೇಕಾದ ಕಸವಾಗಿತ್ತು.

ಮೂವತ್ತನೇ ನಿಮಿಷಕ್ಕೆ ದೊಡ್ಡದೊಂದು ಕೆಮ್ಮು. ಜಗಳ ನಡೆದದ್ದು ಇಲ್ಲೇ ಎಂದು ಪುಟ್ಟಿಗೆ ನೆನಪಾಯಿತು. "ಹೀಗೆ ಕೆಮ್ತಾ ಇದ್ರೆ ನಾನು ಎಷ್ಟು ಅಂತ ಕತ್ತರಿಸ್ಲಿ ಚಿಕ್ಕಮ್ಮ? ನನ್ನ ಕೆಲಸ ಯಾಕೆ ಹೆಚ್ಚಿಸ್ತೀಯ?" ಎಂದು ರೇಗಿ, ಬಿಸಿನೀರು ತರಲು ಒಳಗೆ ಹೋಗಿದ್ದಳು. ಆ ಮಾತು ಬಲಗಡೆ ಇತ್ತು, ಈಗ ಅಳಿಸಿಹೋಗಿದೆ. ಅವಳ ಮನಸ್ಸಿನಿಂದ ಅಳಿಸಲಿಲ್ಲ.

ಫೈಲಿನಲ್ಲಿ ಚಿಕ್ಕಮ್ಮ ಒಬ್ಬರೇ ಉಳಿದರು.

"ಹೋದ್ಲು… ಈ ಕಡೆ ಕೂತ್ರೆ ಆ ಕೆಂಪು ದೀಪಾನೇ ಕಾಣಲ್ಲ. ಆರಿಸಿ ಹೋಗಿರ್ತಾಳೆ." ಕೆಮ್ಮು. ಆಮೇಲೆ ಮೆಲ್ಲಗೆ, ಮಗುವನ್ನು ರಮಿಸುವ ದನಿ: "ಏ ಗಂಟಲೇ, ಇನ್ನು ಮೂರೇ ವಾರ ತಡ್ಕೊಳೋ. ನಲವತ್ತು ಮುಗೀಲಿ, ಆಮೇಲೆ ನಿನ್ನ ಡಾಕ್ಟರ ಕೈಗೆ ಒಪ್ಪಿಸ್ತೀನಿ. ಚಳಿಗಾಲದಲ್ಲೇ ಹೇಳಿದ್ರು ಆ ಪುಣ್ಯಾತ್ಮ, ಈಗಲೇ ಬನ್ನಿ, ಗಂಟು ಸಣ್ಣದಿದೆ, ದನಿ ಉಳಿದ್ರೂ ಉಳೀಬಹುದು ಅಂತ. ಉಳೀದೇ ಹೋದ್ರೆ? ಹೇಳಬೇಕಾದ್ದೆಲ್ಲ ಹೊಟ್ಟೆಯಲ್ಲೇ ಉಳಿಯುತ್ತಲ್ಲ! ಅಕ್ಕನ ದನಿ ಇಲ್ಲ ಅಂತ ಆ ಹುಡುಗಿ ಎಷ್ಟು ಅತ್ಲು. ನನ್ನದಾದ್ರೂ ಪೂರ್ತಿ ಸಿಗ್ಲಿ ಅವಳಿಗೆ. ಗೊತ್ತಾದ್ರೆ ಇವತ್ತೇ ದರದರ ಎಳ್ಕೊಂಡು ಹೋಗ್ತಾಳೆ. ಕೆಮ್ಮು ಕತ್ತರಿಸ್ತಾಳೆ, ಕತ್ತರಿಸ್ಲಿ. ಒಳ್ಳೇದೇ ಆಯ್ತು…" ಬಾಗಿಲ ಸದ್ದು. ತಟ್ಟನೆ ದನಿ ಏರಿತು: "ಏನೇ ಪುಟ್ಟೀ, ನೀರು ಕಾಸೋಕೆ ಇಷ್ಟು ಹೊತ್ತಾ? ನಿನ್ನ ಕೈಗೆ ಸಿಕ್ಕ ಒಲೆಗೂ ನಿದ್ದೆ ಬರುತ್ತೆ!"

ಪುಟ್ಟಿ ಫೈಲು ನಿಲ್ಲಿಸಿದಳು. ಮೊನ್ನೆ ಗೊತ್ತಾಯ್ತು ಎಂದಿದ್ದರು. ಮೊನ್ನೆಯಲ್ಲ, ಚಳಿಗಾಲದಲ್ಲೇ ಗೊತ್ತಿತ್ತು. ದನಿ ಉಳಿಸಿಕೊಳ್ಳಲು ಇದ್ದ ಒಂದು ದಾರಿಯನ್ನು ಚಿಕ್ಕಮ್ಮ ಬೇಕೆಂದೇ ಬಿಟ್ಟಿದ್ದರು, ಈ ಫೈಲುಗಳಿಗಾಗಿ. ಆ ಫೈಲುಗಳನ್ನು ಇವಳು ಒಂದು ಗುಂಡಿ ಒತ್ತಿ ಎರಡೂವರೆ ಎಂಬಿ ಮಾಡಿದ್ದಳು.

ರಜೆಯನ್ನೂ ಕೇಳದೆ ಎದ್ದು ಬಸ್ಸು ಹತ್ತಿದಳು.

ಅಂಗಡಿಯಲ್ಲಿ ಚಿಕ್ಕಮ್ಮ ಶಾಲೆಯ ಸಮವಸ್ತ್ರಕ್ಕೆ ಗುಂಡಿ ಹಚ್ಚುತ್ತಿದ್ದರು. ಕುತ್ತಿಗೆಗೆ ಹಳದಿ ಪಟ್ಟಿ, ಅದಕ್ಕೆ ಸರಿಹೊಂದುವ ಹಳದಿ ಕುಪ್ಪಸ. ಪುಟ್ಟಿಯ ಕೆಂಪು ಕಣ್ಣು ನೋಡಿ ಹುಬ್ಬು ಏರಿಸಿದರು, ಸ್ಲೇಟು ಎಳೆದುಕೊಂಡು ಬರೆದರು: "ಯಾರ ಜೊತೆ ಜಗಳ?"

"ನಿನ್ನ ಜೊತೆ! ಚಳಿಗಾಲದಲ್ಲೇ ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ ನೀನು?"

ಚಿಕ್ಕಮ್ಮನ ಸೂಜಿ ನಿಂತಿತು. "ಯಾರು ಹೇಳಿದ್ದು?" ಎಂದು ಬರೆದರು.

"ನೀನೇ." ಪುಟ್ಟಿ ಲ್ಯಾಪ್‌ಟಾಪ್ ತೆರೆದು ಮೇಜಿನ ಮೇಲಿಟ್ಟು ಒತ್ತಿದಳು.

ಎರಡು ತಿಂಗಳ ಮೇಲೆ ಆ ಕೋಣೆಯಲ್ಲಿ ಚಿಕ್ಕಮ್ಮನ ದನಿ ಕೇಳಿಸಿತು. ಚಿಕ್ಕಮ್ಮ ಬೆಚ್ಚಿಬಿದ್ದು ಬಾಗಿಲ ಕಡೆ ತಿರುಗಿದರು, ಯಾರೋ ಬಂದರು ಎಂದುಕೊಂಡರೋ ಏನೋ. ತಮ್ಮದೇ ದನಿ ಎಂದು ತಿಳಿದಾಗ ಮುಖ ಬಿಳಿಚಿಕೊಂಡಿತು. ಕೈ ತಾನೇ ಕುತ್ತಿಗೆಯ ಪಟ್ಟಿಗೆ ಹೋಯಿತು. ಗಂಟಲನ್ನು ರಮಿಸುವ ಮಾತು ಬಂದಾಗ ಕಳ್ಳಿ ಸಿಕ್ಕಿಬಿದ್ದ ಹಾಗೆ ತಲೆ ತಗ್ಗಿಸಿದರು. ಮುಗಿದ ಮೇಲೆ ಮೆಲ್ಲಗೆ ಬರೆದರು: "ಹೋಗಲಿ ಬಿಡು. ಮೂವತ್ತೇಳು ಇವೆಯಲ್ಲ. ಅಷ್ಟು ಸಾಕು ನಿನಗೆ."

ಹೇಳದೆ ಬೇರೆ ದಾರಿಯಿರಲಿಲ್ಲ. ಪುಟ್ಟಿ ಲ್ಯಾಪ್‌ಟಾಪ್ ಮುಚ್ಚಿದಳು. "ಚಿಕ್ಕಮ್ಮ… ಇದೊಂದೇ ಉಳಿದಿರೋದು. ಮಿಕ್ಕ ಮೂವತ್ತಾರರಲ್ಲಿ ನೀನಿಲ್ಲ. ಜಾಗ ಸಾಲಲ್ಲ ಅಂತ ಚಿಕ್ಕದು ಮಾಡೋಕೆ ಹೋಗಿ ನಿನ್ನ ಕಡೆಯದನ್ನೇ ಅಳಿಸಿಬಿಟ್ಟೆ. ನೀನು ಆಪರೇಷನ್ ಮೇಜಿನ ಮೇಲಿದ್ದಾಗ, ನಾನು ಹೊರಗೆ ಕೂತು…" ಮುಂದಕ್ಕೆ ಆಗಲಿಲ್ಲ.

ಚಿಕ್ಕಮ್ಮ ಅವಳನ್ನೇ ನೋಡಿದರು. ಸ್ಲೇಟಿನಲ್ಲಿ ಒಂದೇ ಪದ ಬರೆದರು. "ಎಲ್ಲಾನಾ?"

"ಎಲ್ಲಾ."

ಬಳಪ ಕೈಯಿಂದ ಜಾರಿ ನೆಲಕ್ಕೆ ಬಿದ್ದು ಎರಡು ತುಂಡಾಯಿತು. ಚಿಕ್ಕಮ್ಮನ ಬಾಯಿ ತೆರೆದುಕೊಂಡಿತು, ಎದೆ ಏರಿ ಇಳಿಯಿತು. ಅವರು ಕೂಗುತ್ತಿದ್ದರು. ಆ ಕೂಗು ಪಕ್ಕದ ಬೀದಿಗೂ ಕೇಳಿಸಬೇಕಿತ್ತು, ಕೋಣೆಯಲ್ಲಿ ಗಾಳಿಯ ಸಣ್ಣ ಸುಯ್ಯೆಂಬ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಪುಟ್ಟಿ ಅವರ ಕಾಲ ಬಳಿ ಕುಸಿದಳು. "ಬೈಯಿ ಚಿಕ್ಕಮ್ಮ, ಹೊಡಿ, ಏನಾದ್ರೂ ಮಾಡು" ಎಂದಳು. ಚಿಕ್ಕಮ್ಮ ಹೊಡೆಯಲಿಲ್ಲ. ತಿರುಗಿ ಕೂತು ಮೆಷಿನ್ ತುಳಿಯತೊಡಗಿದರು. ಬಟ್ಟೆಯನ್ನೇ ಇಟ್ಟಿರಲಿಲ್ಲ. ಖಾಲಿ ಸೂಜಿ ಕಟಕಟ ಎಂದು ಏರಿ ಇಳಿಯುತ್ತಿತ್ತು. ಗಿರಾಕಿಯೊಬ್ಬಳು ಬಾಗಿಲಿಗೆ ಬಂದು, ಒಳಗಿನ ಮುಖಗಳನ್ನು ನೋಡಿ, ಬಂದ ದಾರಿಗೆ ಸುಂಕವಿಲ್ಲದಂತೆ ಹಿಂತಿರುಗಿದಳು.

ಮೆಷಿನ್ ಕೊನೆಗೊಮ್ಮೆ ನಿಂತಿತು. ಚಿಕ್ಕಮ್ಮ ಮೂಗು ಒರೆಸಿಕೊಂಡು, ನೆಲದಿಂದ ಬಳಪದ ತುಂಡು ಹೆಕ್ಕಿ ಬರೆದರು: "ಅವುಗಳಲ್ಲಿ ಏನಿದೆ ಹಾಗಾದರೆ?"

"ನನ್ನ ಪ್ರಶ್ನೆಗಳು. ಬರೀ ಪ್ರಶ್ನೆ."

"ಎಲ್ಲಾ ಇವೆಯಾ?"

"ಒಂದೂ ಬಿಡದೆ ಇವೆ."

ಚಿಕ್ಕಮ್ಮ ಸ್ಲೇಟು ಒರೆಸಿ ದೊಡ್ಡಕ್ಷರದಲ್ಲಿ ಬರೆದರು: "ಮತ್ತೆ ಕೇಳು." ಅದರ ಕೆಳಗೆ ಸಣ್ಣದಾಗಿ: "ಕತ್ತೆ."

ಮೂವತ್ತೇಳನೇ ಫೈಲು ಥೆರಪಿಸ್ಟಿನ ಕೈ ಸೇರಿತು. ಹೇಳಿದ ದಿನಕ್ಕಿಂತ ಒಂದು ದಿನ ಮೊದಲೇ. ಆಕೆ ಕೇಳಿ ನೋಡಿ ಫೋನ್ ಮಾಡಿದಳು. "ಜಾಸ್ತಿ ಹಿಂಡಿದ್ದೀರಿ ಮೇಡಂ, ಆದ್ರೂ ನಡೆಯುತ್ತೆ. ಒಂದೇ ತೊಂದರೆ, ಕೆಮ್ಮು ತುಂಬಾ ಇದೆ. ಇದನ್ನೇ ಕಲಿತರೆ ಯಂತ್ರವೂ ಮಾತಿನ ಮಧ್ಯೆ ಗಂಟಲು ಕೆರೆಯುತ್ತೆ. ನೀವೇ ಇದರಲ್ಲಿ ಪಳಗಿದವರಲ್ವಾ, ಕತ್ತರಿಸಿ ಕಳಿಸ್ತೀರಾ?"

"ಇಲ್ಲ" ಎಂದಳು ಪುಟ್ಟಿ. "ಹಾಗೇ ಇರಲಿ. ಒಂದನ್ನೂ ಮುಟ್ಟಲ್ಲ."

ಯಂತ್ರ ಮನೆಗೆ ಬಂದು ಮೊದಲ ಭಾನುವಾರ. ನೋಡಲು ಅದೂ ಒಂದು ಕಪ್ಪು ಸ್ಲೇಟಿನ ಹಾಗೇ ಇತ್ತು. ಅದೇ ಮೇಜು, ಎರಡೂ ಮೈಕು, ಕೆಂಪು ದಾರ ಅದರ ಜಾಗದಲ್ಲೇ. ಈ ಸಲ ಪುಟ್ಟಿ ಮೂರು ಕಡೆ ನಕಲು ಆಗುವಂತೆ ಮಾಡಿಟ್ಟಿದ್ದಳು, ಅದರ ಬಗ್ಗೆ ಚಿಕ್ಕಮ್ಮ ಬೆಳಗಿನಿಂದ ಎರಡು ಸಲ ಸ್ಲೇಟಿನಲ್ಲಿ ಚುಚ್ಚಿಯೂ ಆಗಿತ್ತು. ಪ್ರಶ್ನೆಯನ್ನು ಬಾಯಲ್ಲಿ ಕೇಳಬೇಡ, ಹಳೆಯ ಫೈಲಿನಿಂದಲೇ ಕೇಳಿಸು ಎಂಬುದೂ ಅವರದೇ ಅಪ್ಪಣೆ. ಪುಟ್ಟಿ ಮೊದಲನೇ ಫೈಲು ಒತ್ತಿದಳು.

"ನಮಸ್ಕಾರ. ಚಿಕ್ಕಮ್ಮ, ನೀನು ಮೊಟ್ಟಮೊದಲು ಹೊಲಿದ ಬಟ್ಟೆ ಯಾವುದು?"

ಅಲ್ಲಿಗೆ ನಿಲ್ಲಿಸಿದಳು. ಉತ್ತರ ಅವಳಿಗೆ ಗೊತ್ತೇ ಇತ್ತು. ಹೋದ ಸಲ ಚಿಕ್ಕಮ್ಮ ಒಂದು ಗೊಂಬೆಯ ಅಂಗಿಯ ಕತೆ ಹೇಳಿದ್ದರು, ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು. ಚಿಕ್ಕಮ್ಮ ಎರಡು ಬೆರಳಲ್ಲಿ ಟಕಟಕ ಒತ್ತುತ್ತಾ ಹೋದರು. ಒತ್ತಿದರು, ಅಳಿಸಿದರು, ಮತ್ತೆ ಒತ್ತಿದರು. ಗೊಂಬೆಯ ಅಂಗಿಗೆ ಇಷ್ಟು ಹೊತ್ತು ಯಾಕೆ ಎಂದು ಪುಟ್ಟಿ ಅಂದುಕೊಳ್ಳುತ್ತಿರುವಾಗಲೇ ಯಂತ್ರ ಗಂಟಲು ಕೆರೆದು, ಒಮ್ಮೆ ಕೆಮ್ಮಿತು. ಪುಟ್ಟಿಯ ಬೆರಳು ಅಭ್ಯಾಸಬಲದಿಂದ ಕತ್ತರಿಸುವ ಗುಂಡಿಯ ಕಡೆ ಓಡಿತು. ಅರ್ಧ ದಾರಿಯಲ್ಲಿ ತಡೆದು, ಆ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಳು.

"ಪುಟ್ಟೀ" ಎಂದಿತು ಚಿಕ್ಕಮ್ಮನ ದನಿ.

ಪುಟ್ಟಿಯ ಕಣ್ಣು ತುಂಬಿತು.

"ಹೋದ ಸಲ ಗೊಂಬೆ ಅಂಗಿ ಅಂದಿದ್ದೆ. ಅದು ಸುಳ್ಳು. ನಾನು ಮೊದಲು ಹೊಲಿದದ್ದು ಒಂದು ಚೀಲ. ಮನೆ ಬಾಗಿಲಿಗೆ ಹಾಕಿದ್ದ ಹೊಸ ಪರದೆಯನ್ನ ಯಾರಿಗೂ ಹೇಳದೆ ಕತ್ತರಿಸಿ ಹೊಲಿದೆ. ಅಪ್ಪ ಕೋಲು ಹಿಡಿದು ಯಾ‌ರು ಮಾಡಿದ್ದು ಅಂತ ಕೇಳಿದ್ರು. ನಾನು ಅಂತ ಮುಂದೆ ಬಂದವಳು ನಿಮ್ಮಮ್ಮ. ಏಟು ತಿಂದವಳೂ ಅವಳೇ. ನಾನು ಬಾಗಿಲ ಹಿಂದೆ ನಿಂತು ನೋಡ್ತಾ ಇದ್ದೆ, ಬಾಯಿ ಬಿಡಲಿಲ್ಲ. ಅವಳು ಸಾಯೋವರೆಗೂ ಬಿಡಲಿಲ್ಲ."

ಪುಟ್ಟಿ ದಂಗಾಗಿ ಚಿಕ್ಕಮ್ಮನ ಮುಖ ನೋಡಿದಳು. ಈ ಸಲ ಚಿಕ್ಕಮ್ಮ ತಲೆ ತಗ್ಗಿಸಲಿಲ್ಲ. ಮೇಜಿನ ಮೇಲಿದ್ದ ಕೆಂಪು ದೀಪದ ಕಡೆ ಬೆರಳು ತೋರಿಸಿ, ಉರಿಯುತ್ತಿದೆಯೇ ಎಂದು ಕಣ್ಣಲ್ಲೇ ಕೇಳಿದರು.

"ಉರೀತಿದೆ" ಎಂದಳು ಪುಟ್ಟಿ. ಹಳೆಯ ಫೈಲನ್ನು ಮುಚ್ಚಿದಳು, ತನ್ನ ಮೈಕನ್ನು ಹತ್ತಿರಕ್ಕೆಳೆದುಕೊಂಡಳು.

"ಆಮೇಲೆ?"